ಎಣ್ಣೆ ಸೋರುವ ಟರ್ಬೊ ಕಾರು: ಕಾರಣಶೋಧನೆಯ ಕ್ರಮ

ಮೋಟಾರು ಪಂದ್ಯಗಳಲ್ಲಿ ಬಳಸುವ ಬಾವುಟಗಳಲ್ಲಿ ಎರಡು ಪ್ರಕೃತ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟವು. ಹಳದಿಯ ಮೇಲೆ ಕೆಂಪು ಉದ್ದಪಟ್ಟೆಗಳುಳ್ಳದ್ದು ಮೊದಲನೆಯದು; ಮುಂದೆ ದಾರಿಯ ಮೇಲೆ ಎಣ್ಣೆಯೋ ನೀರೋ ಚೆಲ್ಲಿ ಜಾರಿಕೆಯಾಗಿದೆಯೆಂದು ಅದು ಎಲ್ಲ ಚಾಲಕರನ್ನೂ ಎಚ್ಚರಿಸುತ್ತದೆ. ಎರಡನೆಯದು ಕಪ್ಪು ಬಟ್ಟೆಯ ನಡುವೆ ಕಿತ್ತಳೆ ಬಣ್ಣದ ವೃತ್ತವುಳ್ಳದ್ದು. ಅದನ್ನು ಒಂದು ಕಾರಿನ ಸಂಖ್ಯೆಯೊಡನೆ ತೋರಿಸಿದರೆ, ಆ ಕಾರಿನಲ್ಲಿ ತನಗೂ ಪರರಿಗೂ ಅಪಾಯಕರವಾದ ಯಾಂತ್ರಿಕ ದೋಷವು ಕಂಡುಬಂದಿದೆ, ಚಾಲಕನು ಕೂಡಲೆ ಪಿಟ್ಟಿಗೆ ಬರತಕ್ಕದ್ದು ಎಂದು ಅರ್ಥ. ಎರಡನೆಯ ಬಾವುಟವನ್ನು ಸಕಾಲದಲ್ಲಿ ಗಮನಿಸದವನು ಮೊದಲನೆಯ ಬಾವುಟಕ್ಕೆ ತಾನೇ ಕಾರಣನಾಗುವುದುಂಟು.

ಪಂದ್ಯಪಥದ ಓಟವು ಈಗ ವೃತ್ತಿಪರ ಪಂದ್ಯಗಾರರಿಗೆ ಮಾತ್ರ ಮೀಸಲಾಗಿ ಉಳಿದಿಲ್ಲ. ಮದರಾಸಿನ ಸಮೀಪದ ಷೋಲಾವರಂನ ಹಳೆಯ ವಿಮಾನಪಟ್ಟಿಯಲ್ಲಿ ದಶಕಗಳ ಕಾಲ ನಡೆದ ಪಂದ್ಯಗಳನ್ನು ಅನೇಕರು ನೆನೆಯುತ್ತಾರೆ. ಆ ಬಳಿಕ ಚೆನ್ನೈ–ಬೆಂಗಳೂರು ಹೆದ್ದಾರಿಯ ಇರುಂಗಾಟ್ಟುಕೋಟ್ಟೈಯಲ್ಲಿ ಸುಮಾರು ೩.೭ ಕಿಲೋಮೀಟರ್ ಉದ್ದದ ಪಥವು ೧೯೯೦ರಲ್ಲಿಯೂ, ಕೊಯಮತ್ತೂರಿನ ಬಳಿಯ ಕರಿ ಪಥವು ೨೦೦೩ರಲ್ಲಿಯೂ, ಗ್ರೇಟರ್ ನೊಯ್ಡಾದ ಬುದ್ಧ ಪಥವು ೨೦೧೧ರಲ್ಲಿಯೂ ಬಳಕೆಗೆ ಬಂದವು. ಇಂಥ ಪಥಗಳಲ್ಲಿ ಗೊತ್ತಾದ ದಿನಗಳಂದು ಶುಲ್ಕ ತೆತ್ತು ತಮ್ಮ ನಿತ್ಯೋಪಯೋಗದ ಕಾರನ್ನೇ ಓಡಿಸುವವರಿದ್ದಾರೆ. ಅವರ ಕಾರುಗಳಲ್ಲಿ ಹಲವು ಟರ್ಬೊಚಾರ್ಜರ್ ಉಳ್ಳವು. ಇಪ್ಪತ್ತು ನಿಮಿಷದ ಓಟ ಮುಗಿಸಿ ಮನೆಗೆ ಬಂದ ಮರುದಿನ ಕಾರಿನ ಕೆಳಗೆ ಅಂಗೈಯಗಲದ ಎಣ್ಣೆಯ ಕಲೆ ಕಾಣುತ್ತದೆ. ಇಲ್ಲವೆ ಬಾನೆಟ್ಟನ್ನು ಎತ್ತಿದೊಡನೆ ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯುತ್ತದೆ. ಆಗ ಒಡೆಯನಿಗೆ ಸಿಗುವ ಮೊದಲ ಸಲಹೆ ಪ್ರಾಯಶಃ ಒಂದೇ: “ಟರ್ಬೊ ಹೋಗಿದೆ, ಬದಲಾಯಿಸಿ.”

ಈ ಸಲಹೆ ಕೆಲವು ಸಲ ನಿಜವಾಗಿರಬಹುದು. ಆದರೆ ಪರೀಕ್ಷೆಯಿಲ್ಲದೆ ಅದನ್ನು ಅಂಗೀಕರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಬೆಲೆಬಾಳುವ ಹೊಸ ಟರ್ಬೊವನ್ನು ಕೂರಿಸಿದ ಮೇಲೂ ಸೋರಿಕೆ ನಿಲ್ಲದಿದ್ದರೆ ನಷ್ಟವಾಗುವುದು ಹಣವೊಂದೇ ಅಲ್ಲ. ನಿಜವಾದ ದೋಷವು ಹಾಗೆಯೇ ಉಳಿದ ಕಾರು ಮತ್ತೆ ಪಥಕ್ಕೆ ಇಳಿಯುತ್ತದೆ. ಕೆಂಪಗೆ ಕಾದ ಲೋಹದ ಮೇಲೆ ಎಣ್ಣೆ ಬಿದ್ದು ಬೆಂಕಿ ಹೊತ್ತಿಕೊಳ್ಳಬಹುದು; ಎಣ್ಣೆ ಕಡಮೆಯಾಗಿ ಎಂಜಿನ್ನಿನ ಬೇರಿಂಗುಗಳು ನಾಶವಾಗಬಹುದು; ಹಿಂದೆ ಬರುತ್ತಿರುವ ಇನ್ನೊಬ್ಬನ ಚಕ್ರದಡಿಗೆ ಆ ಎಣ್ಣೆ ಸಿಕ್ಕಬಹುದು. ಆದಕಾರಣ ಸೋರಿಕೆಯ ಕಾರಣವನ್ನು ಕ್ರಮವಾಗಿ ಶೋಧಿಸುವ ವಿಧಾನವನ್ನು ತಿಳಿಯುವುದು ಆವಶ್ಯಕ.

ಟರ್ಬೊ ಯಂತ್ರದ ಸ್ವರೂಪ

ಎಂಜಿನ್ನಿನಿಂದ ಹೊರಬೀಳುವ ನಿಷ್ಕಾಸ ಅನಿಲದಲ್ಲಿ ಬಹಳಷ್ಟು ಶಕ್ತಿ ವ್ಯರ್ಥವಾಗಿ ಹೋಗುತ್ತದೆ. ಅದರಿಂದ ಒಂದು ಚಕ್ರವನ್ನು ತಿರುಗಿಸಿ, ಆ ಚಕ್ರದ ಬಲದಿಂದ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬಬಹುದೆಂಬ ಆಲೋಚನೆಗೆ ಸ್ವಿಟ್ಜರ್ಲೆಂಡಿನ ಎಂಜಿನಿಯರು ಆಲ್ಫ್ರೆಡ್ ಬ್ಯೂಖಿ ೧೯೦೫ರಲ್ಲಿ ಪೇಟೆಂಟು ಪಡೆದನು. ೧೯೧೮ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ಸುಮಾರು ೧೪,೦೦೦ ಅಡಿ ಎತ್ತರದ ಪೈಕ್ಸ್ ಶಿಖರದ ಮೇಲೆ ವಿಮಾನದ ಎಂಜಿನ್ನಿಗೆ ಇಂಥ ಯಂತ್ರವನ್ನು ಜೋಡಿಸಿ ಪರೀಕ್ಷಿಸಿದನು. ೧೯೬೨ರಲ್ಲಿ ಓಲ್ಡ್ಸ್‌ಮೊಬೀಲ್ ಮತ್ತು ಷೆವ್ರೊಲೆ ಕಾರುಗಳ ಮೂಲಕ ಅದು ಸಾಮಾನ್ಯ ಗ್ರಾಹಕರನ್ನು ಮುಟ್ಟಿತು. ೧೯೭೭ರಲ್ಲಿ ರೆನೊ ಸಂಸ್ಥೆ ಫಾರ್ಮುಲಾ ಒನ್ ಪಂದ್ಯಕ್ಕೆ ಟರ್ಬೊ ಕಾರನ್ನು ತಂದಾಗ, ಅದು ಪದೇಪದೇ ಬಿಳಿಹೊಗೆಯುಗುಳಿ ನಿಲ್ಲುತ್ತಿದ್ದುದನ್ನು ಕಂಡ ಜನ “ಹಳದಿ ಟೀಪಾಟು” ಎಂದು ಗೇಲಿಮಾಡಿದರು. ಎರಡೇ ವರ್ಷಗಳಲ್ಲಿ, ೧೯೭೯ರಲ್ಲಿ, ಅದೇ ಸಂಸ್ಥೆಯ ಕಾರು ದಿಝೋನಿನಲ್ಲಿ ಫ್ರಾನ್ಸಿನ ಪಂದ್ಯವನ್ನು ಗೆದ್ದುಕೊಂಡಿತು.

ಟರ್ಬೊವಿನ ಒಳರಚನೆ ಸರಳ. ಒಂದು ದಂಡದ ಒಂದು ತುದಿಯಲ್ಲಿ ಟರ್ಬೈನು, ಇನ್ನೊಂದು ತುದಿಯಲ್ಲಿ ಗಾಳಿಯನ್ನು ಒತ್ತುವ ಕಂಪ್ರೆಸರು, ನಡುವೆ ಬೇರಿಂಗುಗಳ ಗೂಡು. ಕಾರಿನ ಸಣ್ಣ ಟರ್ಬೊಗಳಲ್ಲಿ ಈ ದಂಡವು ನಿಮಿಷಕ್ಕೆ ೧ ಲಕ್ಷದಿಂದ ೨ ಲಕ್ಷ ಸುತ್ತುಗಳಷ್ಟು, ಕೆಲವೆಡೆ ಅದಕ್ಕೂ ಮಿಗಿಲಾದ ವೇಗದಲ್ಲಿ ತಿರುಗುತ್ತದೆ. ಸಾಮಾನ್ಯವಾಗಿ ಅದು ಲೋಹದ ಮೇಲೆ ಲೋಹ ತಾಗಿ ತಿರುಗುವುದಲ್ಲ. ಎಣ್ಣೆಯ ತೆಳುಪದರದಲ್ಲಿ ತೇಲುತ್ತ ತಿರುಗುವುದು. ಈ ಎಣ್ಣೆ ಎಂಜಿನ್ನಿನಿಂದಲೇ, ಒತ್ತಡದೊಡನೆ, ಸಣ್ಣ ಕೊಳವೆಯ ಮೂಲಕ ಬರುತ್ತದೆ. ಕೆಲಸ ಮುಗಿಸಿದ ಎಣ್ಣೆ ಅಗಲವಾದ ಇನ್ನೊಂದು ಕೊಳವೆಯ ಮೂಲಕ, ಬರಿಯ ತನ್ನ ತೂಕದಿಂದ, ಕೆಳಗಿಳಿದು ಸಂಪನ್ನು ಸೇರುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ದಂಡದ ಎರಡು ತುದಿಗಳಲ್ಲಿರುವ ಸೀಲುಗಳು ಸಾಮಾನ್ಯವಾಗಿ ರಬ್ಬರಿನವಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರಗಳು. ಕುಪ್ಪಿಗೆ ಬಿರಡೆ ಹಾಕಿದಂತೆ ಅವು ಎಣ್ಣೆಯನ್ನು ಬಿಗಿಯಾಗಿ ಮುಚ್ಚಿಡಲಾರವು. ಹೊರಬದಿಯಲ್ಲಿ ಅನಿಲದ ಒತ್ತಡ ಹೆಚ್ಚು, ಒಳಗೂಡಿನಲ್ಲಿ ಒತ್ತಡ ಕಡಮೆ ಎಂಬ ವ್ಯತ್ಯಾಸವಿರುವ ತನಕ ಮಾತ್ರ ಎಣ್ಣೆ ಒಳಗೆ ನಿಲ್ಲುತ್ತದೆ. ಕೆಳಗಿಳಿಯುವ ಕೊಳವೆ ಕಟ್ಟಿಕೊಂಡರೆ, ಅಥವಾ ಅದು ಸೇರುವ ಸಂಪಿನಲ್ಲಿಯೇ ಒತ್ತಡ ಏರಿದರೆ, ಗೂಡಿನಲ್ಲಿ ಎಣ್ಣೆ ನಿಂತು ಉಂಗುರಗಳನ್ನು ದಾಟಿ ಹೊರಬೀಳುತ್ತದೆ. ಆಗ ಟರ್ಬೊವಿನಲ್ಲಿ ಯಾವ ದೋಷವೂ ಇಲ್ಲದೆಯೆ ಟರ್ಬೊ ಸೋರುತ್ತದೆ.

ಪಂದ್ಯಪಥವು ಮಾಡುವುದೇನು?

ಊರಿನ ರಸ್ತೆಯಲ್ಲಿ ತಿಂಗಳುಗಟ್ಟಲೆ ಓಡಿದರೂ ಕಾಣದ ಸೋರಿಕೆ ಪಥದಲ್ಲಿ ಅರ್ಧಗಂಟೆಯೊಳಗೆ ಕಾಣಿಸಿಕೊಳ್ಳುವುದೇಕೆ? ಇದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಉಷ್ಣತೆ. ರಸ್ತೆಯಲ್ಲಿ ಸುಮಾರು ೯೦ರಿಂದ ೧೧೦ ಡಿಗ್ರಿ ಸೆಲ್ಸಿಯಸ್ ಇರುವ ಎಂಜಿನ್ ಎಣ್ಣೆ ಪಥದಲ್ಲಿ ೧೨೦ರಿಂದ ೧೪೦ ಡಿಗ್ರಿಗೆ ಏರುವುದು ಅಪರೂಪವಲ್ಲ. ಕಾದಂತೆಲ್ಲ ಎಣ್ಣೆ ತೆಳುವಾಗುತ್ತದೆ. ೩೦ ದರ್ಜೆಯ ಎಣ್ಣೆಯ ಸ್ನಿಗ್ಧತೆ ೧೦೦ ಡಿಗ್ರಿಯಲ್ಲಿ ೯.೩ರಿಂದ ೧೨.೫ ಸೆಂಟಿಸ್ಟೋಕ್ಸುಗಳ ನಡುವೆ ಇರುತ್ತದೆ. ೪೦ ಡಿಗ್ರಿಯಲ್ಲಿ ಅದಕ್ಕಿದ್ದ ಸ್ನಿಗ್ಧತೆಯ ಸುಮಾರು ಆರನೆಯ ಒಂದು ಪಾಲು ಇದು. ಅದಕ್ಕೂ ಮೇಲೆ ಕಾದರೆ ಇನ್ನೂ ತೆಳುವಾಗಿ, ತಣ್ಣಗಿದ್ದಾಗ ದಾಟಲಾರದ ಸಂದುಗಳನ್ನು ದಾಟುತ್ತದೆ. ಗ್ಯಾಸ್ಕೆಟ್ಟುಗಳ ರಬ್ಬರು ಪದೇಪದೇ ಕಾದು ಆರಿ ಗಡುಸಾಗಿ ತನ್ನ ಸ್ಥಿತಿಸ್ಥಾಪಕತ್ವವನ್ನು ಕಳೆದುಕೊಳ್ಳುತ್ತದೆ. ಪೆಟ್ರೋಲ್ ಎಂಜಿನ್ನಿನ ಟರ್ಬೈನಿಗೆ ಬಂದು ಬಡಿಯುವ ಅನಿಲವಾದರೋ ೯೦೦ ಡಿಗ್ರಿಯನ್ನೂ ದಾಟಬಲ್ಲುದು.

ಎರಡನೆಯದು ಒತ್ತಡ. ಪಿಸ್ಟನ್ ರಿಂಗುಗಳನ್ನು ದಾಟಿ ಸ್ವಲ್ಪ ಅನಿಲವು ಕ್ರ್ಯಾಂಕ್ ಕೋಶಕ್ಕೆ ಇಳಿಯುವುದು ಎಲ್ಲ ಎಂಜಿನ್ನುಗಳಲ್ಲಿಯೂ ಸಹಜ. ಟರ್ಬೊ ಗಾಳಿ ಒತ್ತುತ್ತಿರುವಾಗ ಸಿಲಿಂಡರಿನ ಒತ್ತಡ ಹೆಚ್ಚು, ಹೀಗೆ ಇಳಿಯುವ ಅನಿಲವೂ ಹೆಚ್ಚು. ಇದನ್ನು ಹೊರಸಾಗಿಸಲು ಉಸಿರು ಕೊಳವೆಗಳಿವೆ. ಎಂಜಿನ್ನು ನಿಧಾನವಾಗಿ ತಿರುಗುವಾಗ ಅನಿಲವು ಇನ್‌ಟೇಕ್ ಮ್ಯಾನಿಫೋಲ್ಡಿನ ಸೆಳೆತಕ್ಕೆ ಸಿಕ್ಕಿ ಅಲ್ಲಿಗೆ ಹೋಗುತ್ತದೆ. ಟರ್ಬೊ ಒತ್ತಲಾರಂಭಿಸಿದಾಗ ಮ್ಯಾನಿಫೋಲ್ಡಿನಲ್ಲಿಯೇ ಒತ್ತಡವಿರುವುದರಿಂದ ಆ ದಾರಿಯ ಒಮ್ಮುಖ ಕವಾಟವು ಮುಚ್ಚಿಕೊಂಡು, ಅನಿಲವು ಬೇರೊಂದು ಕೊಳವೆಯಿಂದ ಟರ್ಬೊವಿನ ಮುಂದಣ ಗಾಳಿಕೊಳವೆಗೆ ಹೋಗುತ್ತದೆ. ರಸ್ತೆಯಲ್ಲಿ ಪೂರ್ಣ ಒತ್ತಡದ ಓಟ ಕೆಲವು ಸೆಕೆಂಡುಗಳ ಮಾತು. ಪಥದಲ್ಲಿ ಅದೇ ನಿಯಮ.

ಮೂರನೆಯದು ಪಾರ್ಶ್ವಬಲ. ಒಳ್ಳೆಯ ಟೈರುಗಳುಳ್ಳ ಕಾರು ತಿರುವಿನಲ್ಲಿ ಹೆಚ್ಚುಕಡಮೆ ಗುರುತ್ವಾಕರ್ಷಣೆಗೆ ಸಮನಾದ ಪಾರ್ಶ್ವಬಲಕ್ಕೆ ಒಳಗಾಗಬಲ್ಲುದು. ಅಷ್ಟು ಬಲದಲ್ಲಿ ಸಂಪಿನೊಳಗಿನ ಎಣ್ಣೆಯ ಮೇಲ್ಮೈ ೪೫ ಡಿಗ್ರಿ ಓರೆಯಾಗುತ್ತದೆ. ಎಣ್ಣೆ ಒಂದು ಪಕ್ಕಕ್ಕೆ ಏರಿ ಉಸಿರು ಕೊಳವೆಯ ಬಾಯನ್ನು ಮುಟ್ಟಬಹುದು, ಎಣ್ಣೆ ಹೀರುವ ಕೊಳವೆಯ ಬಾಯಿ ಬರಿದಾಗಬಹುದು. ಇದಕ್ಕೆ ಹೆದರಿ ಕೆಲವರು ಗೆರೆಮೀರಿ ಎಣ್ಣೆ ಹಾಕುತ್ತಾರೆ. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್‌ಷಾಫ್ಟು ಕಡೆದು ನೊರೆಯೆಬ್ಬಿಸುತ್ತದೆ, ನೊರೆ ಉಸಿರು ಕೊಳವೆಯನ್ನು ಹಿಡಿಯುತ್ತದೆ, ಕಾರು ಹೊಗೆಯುಗುಳುತ್ತದೆ. ತಯಾರಕರು ಪಥದ ಬಳಕೆಗೆಂದು ಬೇರೆ ಅಳತೆಯನ್ನು ವಿಧಿಸಿಲ್ಲವಾದರೆ ಮೇಲ್ಗೆರೆಯೇ ಮಿತಿ.

ದಾರಿ ಮತ್ತು ಒತ್ತಾಯ

ಮೇಲಿನ ಸಂಗತಿಗಳಿಂದ ಒಂದು ತತ್ತ್ವವು ಹೊರಡುತ್ತದೆ. ಎಣ್ಣೆ ಹೊರಬರಬೇಕಾದರೆ ಎರಡು ಬೇಕು: ಒಂದು ದಾರಿ, ಒಂದು ಒತ್ತಾಯ. ಗಡುಸಾದ ಗ್ಯಾಸ್ಕೆಟ್ಟು, ಸವೆದ ಸೀಲು, ಸಡಿಲವಾದ ಬೋಲ್ಟು, ಇವೆಲ್ಲ ದಾರಿಗಳು. ಕ್ರ್ಯಾಂಕ್ ಕೋಶದಲ್ಲಿ ಏರಿದ ಒತ್ತಡ, ಇಳಿಯಲಾಗದೆ ನಿಂತ ಎಣ್ಣೆ, ಗೆರೆಮೀರಿದ ಎಣ್ಣೆ, ಇವು ಒತ್ತಾಯಗಳು. ದಾರಿಯನ್ನು ಮಾತ್ರ ಮುಚ್ಚಿ ಒತ್ತಾಯವನ್ನು ಹಾಗೆಯೇ ಬಿಟ್ಟರೆ, ಎಣ್ಣೆ ಇನ್ನೊಂದು ದುರ್ಬಲವಾದ ಕಡೆಯನ್ನು ಹುಡುಕಿಕೊಳ್ಳುತ್ತದೆ. ಒಂದೊಂದೇ ಗ್ಯಾಸ್ಕೆಟ್ಟನ್ನು ಬದಲಾಯಿಸುತ್ತ ಹೋದರೂ ಪ್ರತಿ ಓಟದಲ್ಲಿ ಹೊಸ ಜಾಗ ಒದ್ದೆಯಾಗುವ ಕಾರುಗಳ ರಹಸ್ಯ ಎಷ್ಟೋ ಸಲ ಇದೇ.

ಹೊಗೆಯನ್ನು ಕಂಡು ಬೆಟ್ಟದಲ್ಲಿ ಬೆಂಕಿಯನ್ನು ಊಹಿಸುವ ದೃಷ್ಟಾಂತವನ್ನು ನಮ್ಮ ನೈಯಾಯಿಕರು ಚರ್ಚಿಸುವಾಗ, ಕಂಡದ್ದು ನಿಜವಾಗಿ ಹೊಗೆಯೇ ಹೌದೆ, ಮಂಜೋ ಆವಿಯೋ ಅಲ್ಲವಷ್ಟೆ ಎಂದು ಮೊದಲು ನಿಶ್ಚಯಿಸಿಕೊಳ್ಳಬೇಕೆನ್ನುತ್ತಾರೆ. ಹೇತುವು ಶುದ್ಧವಾಗಿಲ್ಲದಿದ್ದರೆ ಅನುಮಾನವು ಕೆಡುತ್ತದೆ. ಈ ಎಚ್ಚರವು ಇಲ್ಲಿಯೂ ಸಲ್ಲುತ್ತದೆ. ಪಥದಲ್ಲಿ ಓಡಿದ ಮೇಲೆ ಎಣ್ಣೆ ಕಂಡಿತು ಎಂಬಷ್ಟರಿಂದಲೇ ಪಥದ ಓಟವೇ ಕಾರಣವೆನ್ನುವುದು ಕಾಕತಾಳೀಯವಾದೀತು. ಹಿಂದಿನ ವಾರ ಫಿಲ್ಟರು ಬದಲಾಯಿಸುವಾಗ ಚೆಲ್ಲಿ ಕೆಳತಟ್ಟೆಯಲ್ಲಿ ನಿಂತಿದ್ದ ಎಣ್ಣೆಯೇ ಬಿಸಿಗೂ ಕುಲುಕಿಗೂ ಕೆಳಗೆ ಹರಿದಿರಬಹುದು.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಮುನ್ನ ಕಾರು ಪೂರ್ತಿಯಾಗಿ ಆರಿರಬೇಕು. ಕಾರಿನ ಕೆಳಗೆ ಹೋಗುವುದಾದರೆ ಅದನ್ನು ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿರಬೇಕು. ಬರಿಯ ಜಾಕನ್ನು ನಂಬಿ ಕೆಳಗೆ ನುಸುಳಕೂಡದು.

ಒಂದು: ದ್ರವವನ್ನು ಗುರುತಿಸುವುದು. ಬಿಳಿಯ ಕಾಗದಕ್ಕೆ ಒಂದು ತೊಟ್ಟನ್ನು ಹಚ್ಚಿ ನೋಡಬೇಕು. ಎಂಜಿನ್ ಎಣ್ಣೆ ಕಂದು ಅಥವಾ ಕಪ್ಪು. ಗೇರುಪೆಟ್ಟಿಗೆಯ ಎಣ್ಣೆ ಮಂದವಾಗಿದ್ದು ಗಂಧಕದ ವಾಸನೆಯುಳ್ಳದ್ದು. ಬಿಸಿಗೆ ಹಿಗ್ಗಿ ಪೆಟ್ಟಿಗೆಯ ಉಸಿರು ರಂಧ್ರದಿಂದ ಅದು ಹೊರಬರುವುದುಂಟು. ಸ್ಟೀರಿಂಗಿನ ಮತ್ತು ಕೆಲವು ಗೇರುಪೆಟ್ಟಿಗೆಗಳ ದ್ರವ ಸಾಮಾನ್ಯವಾಗಿ ಕೆಂಪು. ಎಂಜಿನ್ನನ್ನು ತಂಪುಮಾಡುವ ನೀರು ಬಣ್ಣವುಳ್ಳದ್ದು, ಅದರ ವಾಸನೆ ಸಿಹಿ. ಚಕ್ರದ ಒಳಮೈಯಲ್ಲಿ ಸಿಡಿದಂತೆ ಅಂಟಿದ ಕಪ್ಪು ಜಿಡ್ಡು ಹರಿದ ಆಕ್ಸಲ್ ಬೂಟಿನಿಂದ ಬಂದ ಗ್ರೀಸು. ಹವಾನಿಯಂತ್ರಕದಿಂದ ತೊಟ್ಟಿಕ್ಕುವುದು ಬರಿಯ ನೀರು, ಅದರಿಂದ ಭಯವಿಲ್ಲ. ಬ್ರೇಕಿನ ದ್ರವವೆಂಬ ಸಂದೇಹ ಬಂದರೆ ಕಾರನ್ನು ಅಲ್ಲಿಂದ ಕದಲಿಸಲೇಕೂಡದು.

ಎರಡು: ಲೆಕ್ಕವಿಡುವುದು. ಎಣ್ಣೆಗೊಂದು ಜಮಾಖರ್ಚಿನ ಪುಸ್ತಕವಿಲ್ಲದೆ ಶೋಧನೆ ಮುಂದುವರಿಯದು. ಸಮನಾದ ನೆಲದ ಮೇಲೆ, ಎಂಜಿನ್ನನ್ನು ನಿಲ್ಲಿಸಿ ಪ್ರತಿಸಲವೂ ಅಷ್ಟೇ ನಿಮಿಷ ಕಾದು, ಓಟದ ಮೊದಲೂ ಅನಂತರವೂ ಅಳತೆಕಡ್ಡಿಯನ್ನು ನೋಡಿ ಬರೆದಿಡಬೇಕು. ಅನೇಕ ಕಾರುಗಳಲ್ಲಿ ಕೆಳಗೆರೆ ಮೇಲ್ಗೆರೆಗಳ ನಡುವಣ ಅಂತರ ಸುಮಾರು ೧ ಲೀಟರಿನಷ್ಟು. ಕಾರನ್ನು ರಾತ್ರಿಯೆಲ್ಲ ರಟ್ಟಿನ ಮೇಲೆ ನಿಲ್ಲಿಸಿದರೆ ಬಿದ್ದ ತೊಟ್ಟುಗಳ ಸ್ಥಾನವೂ ಪ್ರಮಾಣವೂ ತಿಳಿಯುತ್ತವೆ. ಅರ್ಧ ಲೀಟರು ಕಡಮೆಯಾಗಿ ರಟ್ಟಿನ ಮೇಲೆ ನಾಲ್ಕೇ ತೊಟ್ಟುಗಳಿದ್ದರೆ ಲೆಕ್ಕ ಹೊಂದುವುದಿಲ್ಲ. ಉಳಿದ ಎಣ್ಣೆ ಓಟದಲ್ಲಿಯೇ ಹೊರಬಿದ್ದಿರಬೇಕು, ಅಥವಾ ಬಿಸಿಲೋಹದ ಮೇಲೆ ಆವಿಯಾಗಿರಬೇಕು, ಅಥವಾ ಉಸಿರು ಕೊಳವೆಯಿಂದಲೋ ರಿಂಗುಗಳಿಂದಲೋ ಎಂಜಿನ್ನಿಗೇ ಹೋಗಿ ಉರಿದಿರಬೇಕು, ಇಲ್ಲವೆ ತಂಪುನೀರಿಗೆ ಸೇರಿರಬೇಕು.

ಈ ಲೆಕ್ಕದಲ್ಲಿ ಮೋಸಗೊಳಿಸುವ ಬಾಬು ಒಂದಿದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಸಿಡಿಸುವ ಎಂಜಿನ್ನುಗಳಲ್ಲಿ, ಸಣ್ಣಸಣ್ಣ ದೂರಗಳ ಊರ ಓಡಾಟದಿಂದ ಸ್ವಲ್ಪ ಪೆಟ್ರೋಲು ಎಣ್ಣೆಗೆ ಇಳಿದು ಕಡ್ಡಿಯ ಮೇಲಿನ ಮಟ್ಟವನ್ನು ಏರಿಸಿರಬಹುದು. ಪಥದ ಬಿಸಿಯಲ್ಲಿ ಆ ಪೆಟ್ರೋಲು ಆವಿಯಾಗಿ ಹೋದಾಗ ಮಟ್ಟ ಥಟ್ಟನೆ ಇಳಿದಂತೆ ತೋರುತ್ತದೆ. ಅದು ಸೋರಿಕೆಯಲ್ಲ; ಸುಳ್ಳು ಶಿಲ್ಕು ಕರಗಿದ್ದು ಅಷ್ಟೆ. ಹೊಸ ಎಣ್ಣೆ ಹಾಕಿ, ಮಟ್ಟವನ್ನು ಗುರುತಿಸಿ ಓಡಿಸಿದರೆ ಈ ಗೊಂದಲ ತಪ್ಪುತ್ತದೆ.

ಮೂರು: ತೊಳೆಯುವುದು. ಒದ್ದೆಯಾದ ಎಂಜಿನ್ನನ್ನು ನೋಡಿ ಸೋರಿಕೆಯ ಮೂಲವನ್ನು ಹೇಳುವುದು ಅಳಿಸಿಹೋದ ಶಾಸನವನ್ನು ಓದಿದಂತೆ. ಕೆಳತಟ್ಟೆಯನ್ನು ಬಿಚ್ಚಿ, ಜಿಡ್ಡುತೆಗೆಯುವ ದ್ರವದಿಂದ ಎಂಜಿನ್ನನ್ನು ಶುದ್ಧಮಾಡಿ, ವಿದ್ಯುತ್ ಜೋಡಣೆಗಳಿಗೆ ನೀರು ತಗಲದಂತೆ ನೋಡಿಕೊಂಡು ಒಣಗಿಸಬೇಕು. ಅನಂತರ ಸ್ವಲ್ಪ ದೂರ ಓಡಿಸಿ ಮತ್ತೆ ನೋಡಬೇಕು. ಎಣ್ಣೆ ತನ್ನ ತೂಕದಿಂದ ಕೆಳಕ್ಕೂ, ಓಟದ ಗಾಳಿಯಿಂದ ಹಿಂದಕ್ಕೂ ಹರಿಯುವುದರಿಂದ, ಒದ್ದೆಯಾದ ಭಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದೂ ಮುಂದಿನದೂ ಆದ ಜಾಗವೇ ಮೂಲಕ್ಕೆ ಸಮೀಪವಾದುದು. ತೊಟ್ಟು ಬಿದ್ದ ಸ್ಥಳವು ಎಣ್ಣೆಯ ಪ್ರಯಾಣದ ಕೊನೆಯೇ ಹೊರತು ಮೊದಲಲ್ಲ. ಮೂಲವು ಸ್ಪಷ್ಟವಾಗದಿದ್ದರೆ ಒಣಗಿದ ಮೈಮೇಲೆ ತೆಳುವಾಗಿ ಟಾಲ್ಕಂ ಪುಡಿ ಚಿಮುಕಿಸಬಹುದು. ಎಣ್ಣೆಯ ಗೆರೆ ಅದರಲ್ಲಿ ಮೂಡುತ್ತದೆ. ಅಥವಾ ಎಣ್ಣೆಯೊಡನೆ ಹೊಳೆಯುವ ಬಣ್ಣವನ್ನು ಬೆರೆಸಿ ಓಡಿಸಿ, ನೇರಳಾತೀತ ದೀಪದಲ್ಲಿ ನೋಡಬಹುದು.

ನಾಲ್ಕು: ಸುಲಭವಾದ ಜಾಗಗಳಿಂದ ಆರಂಭಿಸುವುದು. ಮೇಲಿನಿಂದ ಕೆಳಕ್ಕೆ ಬರುತ್ತ, ಎಣ್ಣೆ ಹಾಕುವ ಬಾಯಿಯ ಮುಚ್ಚಳ, ವಾಲ್ವ್ ಕವರಿನ ಗ್ಯಾಸ್ಕೆಟ್ಟು, ಅಳತೆಕಡ್ಡಿಯ ಕೊಳವೆ, ಎಣ್ಣೆ ಒತ್ತಡದ ಸ್ವಿಚ್ಚು, ಫಿಲ್ಟರು, ಎಣ್ಣೆ ತಂಪುಗಾರದ ಜೋಡಣೆ, ಸಂಪಿನ ಅಂಚು, ಡ್ರೈನ್ ಬೋಲ್ಟು, ಇವನ್ನು ನೋಡಬೇಕು. ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಉಳಿದು, ಅದರ ಮೇಲೆ ಹೊಸ ಫಿಲ್ಟರು ಕೂತಿದ್ದರೆ, ಒತ್ತಡ ಏರಿದಾಗ ಎಣ್ಣೆ ಒಮ್ಮೆಗೇ ಚಿಮ್ಮಬಹುದು. ಒತ್ತಡದ ಸ್ವಿಚ್ಚಿನ ಒಳಗಿನಿಂದ ಸೋರಿದ ಎಣ್ಣೆ ತಂತಿಯ ಜೋಡಣೆಯೊಳಗೆ ಹೋಗುತ್ತದೆ, ಹೊರಗೆ ಕಾಣದು. ಜೋಡಣೆಯನ್ನು ಬಿಚ್ಚಿ ನೋಡಬೇಕು. ಎಂಜಿನ್ನೂ ಗೇರುಪೆಟ್ಟಿಗೆಯೂ ಕೂಡುವಲ್ಲಿ ಎಂಜಿನ್ ಎಣ್ಣೆಯೇ ತೊಟ್ಟಿಕ್ಕುತ್ತಿದ್ದರೆ ಕ್ರ್ಯಾಂಕಿನ ಹಿಂದಣ ಸೀಲನ್ನು ಸಂದೇಹಿಸಬಹುದು. ಆದರೆ ಮೇಲಿನ ವಾಲ್ವ್ ಕವರಿನಿಂದ ಇಳಿದ ಎಣ್ಣೆಯೂ ಅಲ್ಲಿಗೇ ಬಂದು ಸೇರುವುದೆಂಬುದನ್ನು ಮರೆಯಬಾರದು. ಆ ಸೀಲನ್ನು ಬದಲಾಯಿಸಲು ಗೇರುಪೆಟ್ಟಿಗೆಯನ್ನೇ ಇಳಿಸಬೇಕಾಗುವುದರಿಂದ ಇಲ್ಲಿ ಆತುರದ ತೀರ್ಮಾನ ದುಬಾರಿಯಾದೀತು.

ಟರ್ಬೊವಿಗೆ ಹೋಗುವ ಎಣ್ಣೆಕೊಳವೆಯ ಜೋಡಣೆಯಲ್ಲಿ ಮೆದುಲೋಹದ ವಾಷರುಗಳಿರುತ್ತವೆ. ಒಮ್ಮೆ ಬಿಗಿದಾಗ ಅವು ಅಮುಕಿ ಕೂರುತ್ತವೆ; ಬಿಚ್ಚಿದ ಮೇಲೆ ಹೊಸ ವಾಷರುಗಳನ್ನೇ ಹಾಕತಕ್ಕದ್ದು. ಇಲ್ಲಿಂದ ಜಿನುಗುವ ಎಣ್ಣೆ ಕಾದ ಟರ್ಬೈನ್ ಕವಚದ ಮೇಲೆಯೇ ಬೀಳುವುದರಿಂದ ನೆಲದ ಮೇಲೆ ಒಂದು ತೊಟ್ಟೂ ಕಾಣದಿರಬಹುದು. ಹೊಗೆಯೂ ವಾಸನೆಯೂ ಮಾತ್ರ ಇರುತ್ತವೆ. ನೆಲ ಒಣಗಿದೆಯೆಂಬುದು ಸೋರಿಕೆಯಿಲ್ಲವೆಂಬುದಕ್ಕೆ ಪ್ರಮಾಣವಲ್ಲ.

ಐದು: ಒತ್ತಾಯವನ್ನು ಅಳೆಯುವುದು. ಒಂದಕ್ಕಿಂತ ಹೆಚ್ಚು ಜಾಗಗಳು ಒಮ್ಮೆಗೇ ಒದ್ದೆಯಾಗಿದ್ದರೆ, ಅಥವಾ ಅಳತೆಕಡ್ಡಿ ತಾನಾಗಿ ಮೇಲೆದ್ದಿದ್ದರೆ, ಕ್ರ್ಯಾಂಕ್ ಕೋಶದ ಒತ್ತಡವನ್ನು ಪರೀಕ್ಷಿಸಲೇಬೇಕು. ಪಾರದರ್ಶಕವಾದ ಕೊಳವೆಯನ್ನು ಬಗ್ಗಿಸಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಅಳತೆಕಡ್ಡಿಯ ಕೊಳವೆಗೆ ಜೋಡಿಸಿದರೆ ಸರಳವಾದ ಒತ್ತಡಮಾಪಕವಾಯಿತು. ಎಂಜಿನ್ನು ನಿಧಾನವಾಗಿ ತಿರುಗುವಾಗ ಆರೋಗ್ಯವಾಗಿರುವ ಹೆಚ್ಚಿನ ಎಂಜಿನ್ನುಗಳಲ್ಲಿ ನೀರು ಸ್ವಲ್ಪ ಒಳಸೆಳೆತವನ್ನು ತೋರಿಸುತ್ತದೆ. ಹೊರಕ್ಕೆ ತಳ್ಳಿದರೆ ಉಸಿರು ಕೊಳವೆಗಳು ಕಟ್ಟಿವೆಯೆಂದೋ ರಿಂಗುಗಳು ಸವೆದಿವೆಯೆಂದೋ ತಿಳಿಯಬೇಕು. ಸಿಲಿಂಡರುಗಳಿಗೆ ಗಾಳಿ ತುಂಬಿ ಎಷ್ಟು ಸೋರುವುದೆಂದು ನೋಡುವ ಪರೀಕ್ಷೆ ಇವೆರಡನ್ನು ಬೇರ್ಪಡಿಸುತ್ತದೆ.

ಆರು: ಕೊನೆಯಲ್ಲಿ ಟರ್ಬೊ. ಗಾಳಿಕೊಳವೆಗಳನ್ನು ಬಿಚ್ಚಿ ಒಳಗೆ ನೋಡಬೇಕು. ಎಣ್ಣೆಯ ತೆಳುಪದರ ಸಹಜ. ಹನಿಗೂಡಿ ನಿಂತ ಎಣ್ಣೆ ಸಹಜವಲ್ಲ. ಕಂಪ್ರೆಸರಿನ ಮುಂದಣ ಕೊಳವೆ, ಎಂದರೆ ಉಸಿರು ಕೊಳವೆ ಬಂದು ಸೇರುವ ಭಾಗವೇ ಒದ್ದೆಯಾಗಿದ್ದರೆ ಎಣ್ಣೆ ಎಂಜಿನ್ನಿನ ಉಸಿರಿನಿಂದ ಬಂದದ್ದು. ಅದು ಒಣಗಿದ್ದು ಕಂಪ್ರೆಸರಿನ ಆಚೆಗೆ ಮಾತ್ರ ಎಣ್ಣೆ ಇದ್ದರೆ ಟರ್ಬೊವಿನ ಸೀಲನ್ನು ದಾಟಿ ಬಂದದ್ದು. ಆಗಲೂ ತೀರ್ಪು ಕೊಡುವ ಮೊದಲು ಎರಡನ್ನು ನೋಡಬೇಕು: ಎಣ್ಣೆ ಇಳಿಯುವ ಕೊಳವೆಯಲ್ಲಿ ಸುಟ್ಟ ಎಣ್ಣೆಯ ಕರಿ ಕಟ್ಟಿದೆಯೆ, ಗಾಳಿ ಶೋಧಕವು ಧೂಳು ತುಂಬಿ ಸೆಳೆತವನ್ನು ಹೆಚ್ಚಿಸಿದೆಯೆ? ಕಡೆಗೆ ದಂಡವನ್ನು ಬೆರಳಿನಿಂದ ಅಲುಗಿಸಬೇಕು. ಪಕ್ಕಕ್ಕೆ ಕೊಂಚ ಅಲುಗುವುದು ತೇಲುವ ಬೇರಿಂಗಿನ ಸ್ವಭಾವ. ಹಿಂದುಮುಂದಕ್ಕೆ ಬೆರಳಿಗೆ ತಿಳಿಯುವಷ್ಟು ಅಲುಗಿದರೆ, ಅಥವಾ ಚಕ್ರದ ರೆಕ್ಕೆಗಳು ಕವಚಕ್ಕೆ ಉಜ್ಜಿದ ಗುರುತಿದ್ದರೆ, ಟರ್ಬೊವೇ ಕೆಟ್ಟಿದೆಯೆನ್ನಲು ಆಧಾರ ಸಿಕ್ಕಿತು.

ಒಂದು ನಿದರ್ಶನ

ಈ ಕ್ರಮದ ಪ್ರಯೋಜನವನ್ನು ತಿಳಿಯಲು ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ನಾಲ್ಕು ಸಿಲಿಂಡರಿನ ಟರ್ಬೊ ಕಾರೊಂದು ಪಥದಲ್ಲಿ ಮೂರು ಸರದಿ ಓಡಿದೆ. ಮೂರನೆಯ ಸರದಿಯಲ್ಲಿ ನೀಲಿ ಹೊಗೆ ಕಂಡಿದೆ. ಪಿಟ್ಟಿನಲ್ಲಿ ನೋಡಿದರೆ ವಾಲ್ವ್ ಕವರಿನ ಅಂಚು ಒದ್ದೆ, ಗೇರುಪೆಟ್ಟಿಗೆಯ ಸಂದಿನಲ್ಲಿ ತೊಟ್ಟು, ಟರ್ಬೊವಿನ ಗಾಳಿಕೊಳವೆಯಲ್ಲಿಯೂ ಎಣ್ಣೆ. ಟರ್ಬೊ, ಹಿಂದಣ ಸೀಲು, ಗ್ಯಾಸ್ಕೆಟ್ಟು ಮೂರನ್ನೂ ಬದಲಾಯಿಸಬೇಕೆಂದು ಸಲಹೆ ಬರುತ್ತದೆ. ಮೂರು ಬೇರೆಬೇರೆ ಭಾಗಗಳು ಒಂದೇ ಮಧ್ಯಾಹ್ನ ಕೆಟ್ಟವೆಂದು ನಂಬುವುದಕ್ಕಿಂತ ಮೂರಕ್ಕೂ ಸಮಾನವಾದ ಒಂದು ಕಾರಣವನ್ನು ಹುಡುಕುವುದು ಯುಕ್ತ.

ಕಾರ್ಖಾನೆಯಲ್ಲಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸಿ ನೀರಿನ ಮಾಪಕವನ್ನು ಜೋಡಿಸಿದಾಗ ಒತ್ತಡವಿಲ್ಲ. ಬದಲಾಗಿ ಇರಬೇಕಾದುದಕ್ಕಿಂತ ಹೆಚ್ಚು ಒಳಸೆಳೆತವಿದೆ. ಅವಸರದ ಪರೀಕ್ಷಕನು ಉಸಿರು ಕೊಳವೆಗಳು ಸರಿಯಾಗಿವೆಯೆಂದು ಬರೆದು ಮುಂದೆ ಹೋಗುವುದು ಇಲ್ಲಿಯೇ. ಆದರೆ ಆ ಹೆಚ್ಚಿನ ಸೆಳೆತವೇ ಸುಳಿವು. ಮ್ಯಾನಿಫೋಲ್ಡಿನ ದಾರಿಯ ಒಮ್ಮುಖ ಕವಾಟವನ್ನು ತೆಗೆದು ಕೈಪಂಪಿನಿಂದ ಗಾಳಿ ಹಾಕಿದರೆ ಎಂಜಿನ್ನಿನ ಕಡೆಯಿಂದಲೂ ಹೋಗುತ್ತದೆ, ಮ್ಯಾನಿಫೋಲ್ಡಿನ ಕಡೆಯಿಂದಲೂ ಹೋಗುತ್ತದೆ, ಎರಡನೆಯದು ಹೋಗಕೂಡದು. ಕವಾಟವು ತೆರೆದೇ ನಿಂತಿದೆ. ನಿಧಾನದಲ್ಲಿ ಅದು ಕೋಶವನ್ನು ಮಿತಿಮೀರಿ ಸೆಳೆಯುತ್ತದೆ. ಟರ್ಬೊ ಒತ್ತಲಾರಂಭಿಸಿದೊಡನೆ ಅದೇ ದಾರಿಯಲ್ಲಿ ಒತ್ತಡದ ಗಾಳಿ ಹಿಂದಿರುಗಿ ಕ್ರ್ಯಾಂಕ್ ಕೋಶಕ್ಕೆ ನುಗ್ಗಿ, ಎಣ್ಣೆಯನ್ನು ಕವರಿನಿಂದಲೂ, ಹಿಂದಣ ಸೀಲಿನಿಂದಲೂ, ಟರ್ಬೊವಿನಿಂದಲೂ ಹೊರಗೆ ತಳ್ಳುತ್ತದೆ. ದೋಷವು ಪಥದಲ್ಲಿ ಮಾತ್ರ ಕಂಡು ಕಾರ್ಖಾನೆಯಲ್ಲಿ ಮರೆಯಾಗುವುದಕ್ಕೆ ಇದೇ ಕಾರಣ. ಒಂದು ಸಣ್ಣ ಕವಾಟವನ್ನು ಬದಲಾಯಿಸಿ, ತೊಳೆದು, ಲೆಕ್ಕವಿಟ್ಟು ಮತ್ತೆ ಓಡಿಸಿ ನೋಡಿದ ಮೇಲೂ ಜಿನುಗುವ ಭಾಗವಿದ್ದರೆ ಅದನ್ನು ಮಾತ್ರ ರಿಪೇರಿ ಮಾಡಿದರೆ ಸಾಕು. ಕೆಲವು ಎಂಜಿನ್ನುಗಳಲ್ಲಿ ಈ ಕವಾಟವು ಕವರಿನೊಳಗೇ ಅಡಗಿರುತ್ತದೆ. ಅಲ್ಲಿ ಒತ್ತಡಮಾಪಕವನ್ನು ಜೋಡಿಸಿಯೇ ಕಾರನ್ನು ಓಡಿಸಿ ನೋಡಬೇಕಾಗುತ್ತದೆ.

ನಿಲ್ಲಿಸಬೇಕಾದ ಸಮಯ

ಎಲ್ಲ ಸೋರಿಕೆಗಳೂ ಒಂದೇ ತೂಕದವಲ್ಲ. ಅಂಚಿನಲ್ಲಿ ಧೂಳು ಹಿಡಿದ ಜಿಡ್ಡು, ತೊಟ್ಟಿಕ್ಕದ ತೇವ, ಇವನ್ನು ಗುರುತುಮಾಡಿಕೊಂಡು ಗಮನಿಸುತ್ತಿದ್ದರೆ ಸಾಕು. ಆದರೆ ಟರ್ಬೊವಿನ ಅಥವಾ ನಿಷ್ಕಾಸ ಕೊಳವೆಯ ಸಮೀಪದಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಆ ದಿನದ ಓಟ ಅಲ್ಲಿಗೆ ಮುಗಿಯಿತೆಂದೇ ತಿಳಿಯಬೇಕು. ಎಂಜಿನ್ ಎಣ್ಣೆಯ ಆವಿ ಕಿಡಿ ತಗಲಿದರೆ ಹೊತ್ತಿಕ್ಕೊಳ್ಳಲು ೨೦೦ ಡಿಗ್ರಿಗಿಂತ ಸ್ವಲ್ಪ ಮೇಲಿನ ಉಷ್ಣತೆ ಸಾಕು. ಕೆಂಪಗೆ ಕಾದ ಟರ್ಬೈನ್ ಕವಚಕ್ಕೆ ಕಿಡಿಯ ಹಂಗೂ ಇಲ್ಲ. ಎಣ್ಣೆ ಒತ್ತಡದ ದೀಪವು ತಿರುವಿನಲ್ಲಿ ಒಂದು ಕ್ಷಣ ಮಿನುಗಿದರೂ ಎಂಜಿನ್ನನ್ನು ನಿಲ್ಲಿಸತಕ್ಕದ್ದು. ಬ್ರೇಕಿನ ಮೇಲೆ ಅಥವಾ ಟೈರಿನ ಮೇಲೆ ಎಣ್ಣೆ ಹರಿಯುತ್ತಿದ್ದರೂ ಹಾಗೆಯೇ. ಓಟದ ನಡುವೆ ಸಂದೇಹ ಬಂದರೆ ಪಂದ್ಯದ ಹಾದಿಯಿಂದ ಪಕ್ಕಕ್ಕೆ ಸರಿದು ನಿಲ್ಲಬೇಕೇ ಹೊರತು, ಇಡೀ ಪಥಕ್ಕೆ ಎಣ್ಣೆ ಬಳಿಯುತ್ತ ಪಿಟ್ಟಿನವರೆಗೆ ಬರಬಾರದು.

ಸೋರಿಕೆಯನ್ನು ತಡೆಯುವ ಉಪಾಯಗಳು ಸರಳವಾದವು. ಓಟದ ಕೊನೆಯ ಸುತ್ತನ್ನು ನಿಧಾನವಾಗಿ ಓಡಿಸಿ, ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಎಂಜಿನ್ನನ್ನು ತಿರುಗಲು ಬಿಡಬೇಕು. ಥಟ್ಟನೆ ನಿಲ್ಲಿಸಿದರೆ ಎಣ್ಣೆಯ ಹರಿವು ನಿಂತು, ಟರ್ಬೈನಿನ ಬಿಸಿ ಒಳಗೂಡಿಗೆ ಏರಿ, ಅಲ್ಲಿ ಉಳಿದ ಎಣ್ಣೆ ಕರಿಯಾಗಿ ಕೊಳವೆಗಳನ್ನು ಕಟ್ಟುತ್ತದೆ. ಈಗಿನ ಅನೇಕ ಟರ್ಬೊಗಳಿಗೆ ನೀರಿನ ತಂಪು ಇರುವುದರಿಂದ ಈ ಭಯ ಕಡಮೆಯಾಗಿದೆ, ಪೂರ್ತಿ ಹೋಗಿಲ್ಲ. ಪಥಕ್ಕೆ ಹೋಗುವ ಕಾರಿನ ಎಣ್ಣೆಯನ್ನು ರಸ್ತೆಯ ಲೆಕ್ಕಕ್ಕಿಂತ ಬೇಗನೆ ಬದಲಾಯಿಸಬೇಕು. ಉಸಿರು ಕೊಳವೆಗಳನ್ನೂ ಕವಾಟವನ್ನೂ ಕಾಲಕಾಲಕ್ಕೆ ನೋಡಬೇಕು. ಬೆಂಕಿ ಆರಿಸುವ ಸಾಧನವೊಂದು ಕಾರಿನಲ್ಲಿರಬೇಕು.

ಬಿಳಿಯ ಕಾಗದ, ರಟ್ಟಿನ ಹಾಳೆ, ಟಾಲ್ಕಂ ಪುಡಿ, ಒಂದು ಮೊಳ ಕೊಳವೆ, ಲೆಕ್ಕದ ಪುಸ್ತಕ: ಈ ಶೋಧನೆಗೆ ಬೇಕಾದ ಸಾಮಗ್ರಿಯಲ್ಲಿ ಮುಕ್ಕಾಲು ಪಾಲು ಇಷ್ಟೇ. ಉಳಿದ ಕಾಲುಪಾಲು ತಾಳ್ಮೆ. ಎಣ್ಣೆ ಎಲ್ಲಿ ಬಿದ್ದಿತೆಂದು ಕೇಳಿ ತೃಪ್ತನಾಗದೆ, ಅದು ಯಾವ ದಾರಿಯಿಂದ ಬಂದಿತು, ಅದನ್ನು ತಳ್ಳಿದ್ದು ಯಾವುದು ಎಂದು ಎರಡು ಸಲ ಕೇಳಿದವನ ಕಾರಿಗೆ ಕಿತ್ತಳೆ ವೃತ್ತದ ಬಾವುಟವನ್ನು ತೋರಿಸಬೇಕಾದ ಪ್ರಸಂಗ ವಿರಳವಾಗಿಯೇ ಉಳಿಯುತ್ತದೆ.